ಪದವಿ ಬಂದ ಮೇಲೆ ಶುರುವಾಗುವ ಕೆಲಸ

ಅಮೆರಿಕದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳು ಕಟ್ಟಿಕೊಳ್ಳುವ ಸಂಘಕ್ಕೆ ಸೊರೊರಿಟಿ ಎನ್ನುತ್ತಾರೆ. ಆ ಹೆಸರು ಕೇಳಿದರೆ ಊರಿನ ಕಡೆಯವರಿಗೆ ನೆನಪಾಗುವುದು ಸಿನಿಮಾದಲ್ಲಿ ತೋರಿಸುವ ಪಾರ್ಟಿ, ಮೋಜು. ಮೇರಿಲ್ಯಾಂಡಿಗೆ ಬಂದು ನೆಲೆಸಿ, ಕಪ್ಪು ಮಹಿಳೆಯರ ಸೊರೊರಿಟಿಗಳ ಕೆಲಸ ನೋಡಿದ ಮೇಲೆ ಆ ಚಿತ್ರ ಅವರಿಗೆ ಮಾಡುವ ದೊಡ್ಡ ಅನ್ಯಾಯ ಅನಿಸಿದೆ. ಸಂಘ ಕಟ್ಟುವುದರಲ್ಲಿ ನಾವು ಕನ್ನಡಿಗರು ಯಾರಿಗೂ ಕಮ್ಮಿಯಿಲ್ಲ. ಆದರೆ ಕಟ್ಟಿದ ಸಂಘಕ್ಕೆ ಜೀವಮಾನವಿಡೀ ದುಡಿಯುವುದನ್ನು ಇವರಿಂದ ಕಲಿಯಬೇಕು.

ಇಂಥ ಸೊರೊರಿಟಿಗಳಲ್ಲೊಂದಾದ ಆಲ್ಫಾ ಕಪ್ಪಾ ಆಲ್ಫಾ ಹುಟ್ಟಿದ್ದು 1908ರ ಜನವರಿ 15ರಂದು, ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ. ಎಥೆಲ್ ಹೆಜ್‌ಮನ್ ಎಂಬ ವಿದ್ಯಾರ್ಥಿನಿ ಗೆಳತಿಯರನ್ನು ಕೂಡಿಸಿ ಕಟ್ಟಿದ ಸಂಘ ಇದು. ದೇಶದಲ್ಲಿ ಗುಲಾಮಗಿರಿ ರದ್ದಾಗಿ ಆಗಿನ್ನೂ 43 ವರ್ಷ. ಕಪ್ಪು ಹೆಣ್ಣುಮಗಳೊಬ್ಬಳು ಪದವಿ ಓದುವುದೇ ಅಪರೂಪ. ಈಚೆಗೆ ಕಮಲಾ ಹ್ಯಾರಿಸ್ ಇದರ ಸದಸ್ಯೆ ಎಂದು ಹಲವರಿಗೆ ಗೊತ್ತಾಗಿದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಮಿಸಿಸಿಪ್ಪಿಯಲ್ಲಿ ಇವರು ಮಾಡಿದ ಕೆಲಸ.

1934ರಲ್ಲಿ ಸಂಘದ ಅಧ್ಯಕ್ಷೆಯಾಗಿದ್ದ ಐಡಾ ಲೂಯಿಸ್ ಜ್ಯಾಕ್ಸನ್ ತಾವು ಹುಟ್ಟಿದ ಆ ರಾಜ್ಯದಲ್ಲಿ ಹಳ್ಳಿ ಮೇಷ್ಟ್ರುಗಳಿಗೆ ಬೇಸಿಗೆ ಶಾಲೆ ಶುರು ಮಾಡಿದರು. ಮೈಗೆ ಆರೋಗ್ಯವಿಲ್ಲದ ಮಕ್ಕಳಿಗೆ ಪಾಠ ಎಲ್ಲಿಂದ ಹತ್ತಬೇಕು? ಮರುವರ್ಷವೇ ಡಾ. ಡೊರೊತಿ ಫೆರೆಬೀ ಮುಂದಾಳ್ತನದಲ್ಲಿ ವೈದ್ಯರು, ನರ್ಸುಗಳು, ಶಿಕ್ಷಕಿಯರ ತಂಡ ಹೊರಟಿತು. ಕಪ್ಪು ಹೆಂಗಸರಿಗೆ ರೈಲಿನ ಟಿಕೆಟ್ ಸಿಗಲಿಲ್ಲ. ತಮ್ಮ ಕಾರುಗಳಲ್ಲೇ, ಊಟಕ್ಕೂ ಮಲಗಲಿಕ್ಕೂ ಜಾಗ ಸಿಗುವ ಭರವಸೆಯಿಲ್ಲದ ದಕ್ಷಿಣದ ರಸ್ತೆಗಳಲ್ಲಿ ಹೋದರು. ಹೋದಲ್ಲಿ ಇನ್ನೊಂದು ತಡೆ: ಹತ್ತಿ ತೋಟದ ಮಾಲೀಕರು ಆಳುಗಳನ್ನು ಕ್ಲಿನಿಕ್ಕಿಗೆ ಬಿಡಲಿಲ್ಲ. ಸರಿ, ಕ್ಲಿನಿಕ್ಕೇ ತೋಟಕ್ಕೆ ಹೋಯಿತು! ಕಾರಿನಲ್ಲಿ ಔಷಧಿ ಹೇರಿಕೊಂಡು, ಮೇಸ್ತ್ರಿಗಳ ಕಾವಲುಗಣ್ಣಿನ ಕೆಳಗೇ ಮಕ್ಕಳಿಗೆ ಡಿಫ್ತೀರಿಯಾ, ಸಿಡುಬಿನ ಲಸಿಕೆ ಹಾಕಿದರು, ಹಲ್ಲು ನೋಡಿದರು, ತಾಯಂದಿರಿಗೆ ಆಹಾರದ ವಿಷಯ ಹೇಳಿಕೊಟ್ಟರು. 1942ರವರೆಗೆ ಪ್ರತಿ ಬೇಸಿಗೆ ಹೀಗೇ ನಡೆದು ಸುಮಾರು 15,000 ಜನರಿಗೆ ಇವರ ಆರೈಕೆ ಸಿಕ್ಕಿತು. ಸ್ವಂತ ರಜೆಯನ್ನು ಇದಕ್ಕೆ ಕೊಟ್ಟವರ ಬಗ್ಗೆ ಓದುವಾಗ ನನಗೆ ಮೈ ಜುಮ್ಮೆನ್ನುತ್ತದೆ.

ನಮ್ಮ ರೀತಿ ನೋಡಿ. ಎನ್‌ಎಸ್‌ಎಸ್‌ನಲ್ಲಿ ಏಳು ದಿನ ಹಳ್ಳಿಯಲ್ಲಿದ್ದು ಚರಂಡಿ ತೆಗೆಯುತ್ತೇವೆ, ಸಸಿ ನೆಡುತ್ತೇವೆ, ರಾತ್ರಿ ನಾಟಕ ಆಡುತ್ತೇವೆ. ಆ ಉತ್ಸಾಹದಲ್ಲಿ ಖೋಟಾ ಏನೂ ಇಲ್ಲ. ಸರ್ಟಿಫಿಕೇಟ್ ಕೈಗೆ ಬಂತು, ಹಳ್ಳಿಯ ಹೆಸರೂ ಮರೆತುಹೋಯಿತು. ಇಲ್ಲಿಯ ಈ ಸೊರೊರಿಟಿಗಳಲ್ಲಾದರೆ ಪದವಿ ಮುಗಿಸಿದವರಿಗೆಂದೇ ಊರೂರಲ್ಲಿ ಬೇರೆ ಶಾಖೆಗಳಿವೆ, ಸದಸ್ಯತ್ವ ಸಾಯುವ ತನಕ. ನಮ್ಮ ಬೀದಿಯಲ್ಲಿ ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ಆಗಸ್ಟ್ ಬಂತೆಂದರೆ ಅವರ ಗ್ಯಾರೇಜಿನಲ್ಲಿ ಆಲ್ಫಾ ಕಪ್ಪಾ ಆಲ್ಫಾದ ಬಣ್ಣಗಳಾದ ಗುಲಾಬಿ, ಹಸಿರು ಅಂಗಿ ತೊಟ್ಟ ಹೆಂಗಸರು ಸಾಲಾಗಿ ಕೂತು ಶಾಲೆಯ ಬ್ಯಾಗುಗಳಿಗೆ ನೋಟ್‌ಬುಕ್, ಪೆನ್ಸಿಲ್ ತುಂಬುತ್ತಾರೆ. ಇಪ್ಪತ್ತರ ಹುಡುಗಿಗೂ ಎಂಬತ್ತರ ಅಜ್ಜಿಗೂ ಅಲ್ಲಿ ಕೆಲಸವಿದೆ.

ನಮ್ಮಲ್ಲಿ ಇಂಥವರು ಇರಲಿಲ್ಲವೆಂದಲ್ಲ. ಬಾಲವಿಧವೆಯಾದ ಆರ್. ಕಲ್ಯಾಣಮ್ಮ ಬೆಂಗಳೂರಲ್ಲಿ ಹೆಂಗಸರನ್ನು ಸೇರಿಸಿ ಸ್ತ್ರೀ ಸಮಾಜ ಕಟ್ಟಿದರು. ಚಾಮರಾಜಪೇಟೆಯ ಮಕ್ಕಳ ಕೂಟವೂ ಅವರದ್ದೇ. ಹಿಂದುಳಿದವರಿಗೆಂದು ಎದ್ದ ಹಾಸ್ಟೆಲುಗಳಿಂದ ಎಷ್ಟು ಮನೆಗಳಲ್ಲಿ ದೀಪ ಹತ್ತಿತು! ಆದರೆ ಅಲ್ಲಿ ಓದಿ ಮೇಲೆ ಬಂದವರಲ್ಲಿ ಹಲವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ನನ್ನ ದೂರು ಅಷ್ಟೇ.

ಸೊರೊರಿಟಿಯ ಎಲ್ಲವೂ ನನಗೆ ಒಪ್ಪಿಗೆಯಲ್ಲ. ಆರಿಸಿ ಸೇರಿಸಿಕೊಳ್ಳುವ ಪದ್ಧತಿ, ಭಾರಿ ಚಂದಾ, ಅಂತಸ್ತಿನ ಹಮ್ಮು, ಇವುಗಳ ಬಗ್ಗೆ ಕಪ್ಪು ಸಮುದಾಯದೊಳಗೇ ಟೀಕೆಯಿದೆ. ಅದನ್ನು ನಾವು ತರುವುದು ಬೇಡ; ಜಾತಿ ಸಂಘಗಳಲ್ಲಿ ಆ ರೋಗ ಈಗಲೇ ಸಾಕಷ್ಟಿದೆ.

ಹೊರನಾಡಿನ ಕನ್ನಡ ಕೂಟಗಳಲ್ಲಿ ಯುಗಾದಿ, ರಾಜ್ಯೋತ್ಸವ ಚೆನ್ನಾಗಿ ನಡೆಯಲಿ, ಹೋಳಿಗೆ ಊಟವೂ ಇರಲಿ. ಅದರ ಜೊತೆಗೆ ಪ್ರತಿ ಕೂಟವೂ ಕರ್ನಾಟಕದ ಒಂದು ಸರ್ಕಾರಿ ಶಾಲೆಯನ್ನೂ ತಾನಿರುವ ಊರಿನ ಒಂದು ಶಾಲೆಯನ್ನೂ ಹತ್ತು ವರ್ಷ ಬಿಡದೆ ನೋಡಿಕೊಳ್ಳಲಿ. ಕಮಿಟಿ ಬದಲಾದರೂ ಶಾಲೆ ಬದಲಾಗಬಾರದು. ನಮ್ಮಲ್ಲಿ ಡಾಕ್ಟರುಗಳಿಗೆ ಬರವಿಲ್ಲ. ಹಲ್ಲು, ಕಣ್ಣು ತಪಾಸಣೆಯಿಂದಲೇ ಶುರು ಮಾಡಬಹುದು.