ಸಟ್ಟುಗ ಹಿಡಿದು ಪ್ರಚಾರಕ್ಕೆ

ಇಂಗ್ಲೆಂಡಿನಲ್ಲಿ ಸ್ಥಳೀಯ ಚುನಾವಣೆ ನಡೆಯುತ್ತಿದೆ ಎಂಬುದಕ್ಕೆ ಸಿಗುವ ಸಾಕ್ಷಿ ಒಂದೇ: ಮುಂಬಾಗಿಲ ಹಿಂದೆ ನೆಲದ ಮೇಲೆ ಬಿದ್ದಿರುವ ಕಾಗದ. ಮೈಕ್ ಕಟ್ಟಿದ ಆಟೊ ಬರುವುದಿಲ್ಲ, ಕಟೌಟ್ ಏಳುವುದಿಲ್ಲ, ಪಟಾಕಿ ಸಿಡಿಯುವುದಿಲ್ಲ, ಸಮುದಾಯ ಭವನದ ಕಡೆಯಿಂದ ಬಿರಿಯಾನಿಯ ಪರಿಮಳವೂ ಬರುವುದಿಲ್ಲ. ಮೇ ತಿಂಗಳ ಮೊದಲ ಗುರುವಾರ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಮತದಾನ. ಮೂವರಲ್ಲಿ ಒಬ್ಬರು ಹೋಗಿ ಮತ ಹಾಕಿದರೆ ಅದೇ ಹೆಚ್ಚು. ಉಳಿದಿಬ್ಬರು ಮುಂದೆ ನಾಲ್ಕು ವರ್ಷ ಕಸದ ಡಬ್ಬಿಯ ಬಗ್ಗೆ ಗೊಣಗುತ್ತಾರೆ.

ನಮ್ಮ ಬರೋದ, ಅಂದರೆ ಒಂದು ಕೌನ್ಸಿಲಿನ ಆಡಳಿತಕ್ಕೆ ಸೇರಿದ ಊರಿನ, ಹೆಸರನ್ನು ಇಲ್ಲಿ ಹೇಳುವುದಿಲ್ಲ. ಲಂಡನ್ನಿನಿಂದ ಪಶ್ಚಿಮಕ್ಕೆ ಹೋಗುವ ರೈಲು ಹತ್ತಿ, ಕಣ್ಣು ಮುಚ್ಚುವುದರೊಳಗೆ ಇಳಿಯಬೇಕಾದ ಊರು ಎಂದುಕೊಳ್ಳಿ. ಚುನಾವಣೆ ಮುಗಿದುಹೋದರೂ ಅಕ್ಕಪಕ್ಕದವರು ಅಲ್ಲೇ ಇದ್ದಾರೆ. ಅವರ ನಾಯಿಗಳೂ ಇವೆ.

2023ರ ಮೇ 4ರ ಚುನಾವಣೆಯ ಹೊತ್ತಿಗೆ ಅಮ್ಮ ಅರಸೀಕೆರೆಯಿಂದ ಬಂದು ನಮ್ಮ ಮನೆಯಲ್ಲಿದ್ದಳು. ಮೇ 6ರ ಶನಿವಾರ ಚಾರ್ಲ್ಸ್ ದೊರೆಯ ಪಟ್ಟಾಭಿಷೇಕ. ಬೀದಿಗೆ ಅಡ್ಡಲಾಗಿ ತ್ರಿಕೋನ ಬಾವುಟಗಳ ಸಾಲು, ಬೇಕರಿಯ ಗಾಜಿನ ಹಿಂದೆ ಸಕ್ಕರೆಯ ಕಿರೀಟ, ಅಂಗಡಿಗೊಂದು ದೊರೆಯ ಭಾವಚಿತ್ರ. ಅಮ್ಮ ಮೆಚ್ಚಿ ತಲೆದೂಗಿದಳು.

“ಪರವಾಗಿಲ್ಲ ಕಣೇ, ಎಲೆಕ್ಷನ್ನಿಗೆ ಇಲ್ಲಿಯೂ ತೋರಣ ಕಟ್ಟುತ್ತಾರೆ. ಈ ಫೋಟೊದಲ್ಲಿರುವ ಯಜಮಾನರು ಯಾವ ಪಕ್ಷ?”

“ಅವರು ರಾಜರು, ಅಮ್ಮ.”

“ಅದು ಸರಿ, ನಿಂತಿರುವುದು ಯಾವ ವಾರ್ಡಿಗೆ?”

ಅವರು ಎಲ್ಲಿಯೂ ನಿಲ್ಲಬೇಕಾಗಿಲ್ಲ, ಸುಮ್ಮನೆ ಕುಳಿತರೆ ಸಾಕು ಎಂದು ವಿವರಿಸಿದೆ. ಪಟ್ಟಾಭಿಷೇಕದ ಮರು ಸೋಮವಾರ ದೇಶಕ್ಕೆಲ್ಲ ರಜೆ. ಮತದಾನದ ಗುರುವಾರಕ್ಕೆ ಅರ್ಧ ದಿನವೂ ಇಲ್ಲ. ಪ್ರಜಾಪ್ರಭುತ್ವದ ತವರು ಎಂದು ಪಠ್ಯಪುಸ್ತಕದಲ್ಲಿ ಓದಿಸಿದವರನ್ನು ಕರೆದು ಇದನ್ನು ತೋರಿಸಬೇಕು ಎಂದು ಅಮ್ಮ ಹೇಳಿದಳು. ಅವಳು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳು, ಓದಿಸಿದವಳು ಅವಳೇ.

ಅವಳಿಗೆ ಬೇರೊಂದು ಸಂಕಟವಿತ್ತು. ಮೇ 10ಕ್ಕೆ ಕರ್ನಾಟಕದಲ್ಲಿ ವಿಧಾನಸಭೆ ಚುನಾವಣೆ. ಟಿಕೆಟ್ ಕಾಯ್ದಿರಿಸಿದ ಮೇಲೆ ಆಯೋಗ ದಿನಾಂಕ ಪ್ರಕಟಿಸಿತು. ಭಾರತದ ಪಾಸ್‌ಪೋರ್ಟ್ ಹಿಡಿದ ನಾನು ಕಾಮನ್‌ವೆಲ್ತ್ ಪ್ರಜೆ ಎಂಬ ಹಕ್ಕಿನಿಂದ ಇಂಗ್ಲೆಂಡಿನಲ್ಲಿ ಮತ ಹಾಕಬಹುದು. ಅರಸೀಕೆರೆಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಅಮ್ಮ ಇಲ್ಲಿ ಪ್ರವಾಸಿಯಾಗಿ ಕುಳಿತು ಎರಡೂ ಕಡೆ ಸಲ್ಲದವಳಾಗಿದ್ದಳು. ಹಗಲೆಲ್ಲ ಮೊಬೈಲ್ ಹಿಡಿದು, ಜೆಸಿಬಿಗಳಿಂದ ಹೂಮಳೆ ಸುರಿಸುವುದನ್ನೂ ಕ್ರೇನಿನಲ್ಲಿ ಸೇಬಿನ ಹಾರ ಎತ್ತುವುದನ್ನೂ ನೋಡುತ್ತಿದ್ದಳು. ನಡುವೆ ಕಿಟಕಿಯಾಚೆ ಕಣ್ಣು ಹಾಯಿಸಿದರೆ ನಮ್ಮ ವಾರ್ಡಿನ ಅಭ್ಯರ್ಥಿಯೊಬ್ಬರು ಮಳೆಯಂಗಿ ತೊಟ್ಟು, ಒಬ್ಬರೇ, ಯಾರದೋ ಗೇಟಿನ ಚಿಲಕ ಹೇಗೆ ತೆಗೆಯುವುದೆಂದು ಬಗ್ಗಿ ನೋಡುತ್ತಿರುತ್ತಿದ್ದರು.

ಬಾಗಿಲಿಗೆ ಬೀಳುವ ಕರಪತ್ರಗಳ ಸೊಗಸು ಬೇರೆಯದೇ. ಪಕ್ಷ ಯಾವುದಾದರೂ ಭಂಗಿ ಒಂದೇ: ಅಭ್ಯರ್ಥಿ ರಸ್ತೆ ಗುಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಸೂತಕದ ಮುಖ ಮಾಡಿಕೊಂಡು ಅದರತ್ತ ಬೆರಳು ತೋರಿಸುವುದು. ಆ ಗುಂಡಿಯನ್ನು ಕಂಡರೆ ಬೆಂಗಳೂರಿನವರಿಗೆ ಕನಿಕರವಾಗುತ್ತದೆ, ಅದಕ್ಕೆ ಗುಂಡಿ ಎನಿಸಿಕೊಳ್ಳುವ ವಯಸ್ಸೇ ಆಗಿರುವುದಿಲ್ಲ. ಕೆಳಗೆ ಕಂಬಗಳ ನಕ್ಷೆಯೊಂದು ಇರಲೇಬೇಕು. ನಮ್ಮ ಕಂಬ ಆಳೆತ್ತರ, ಎದುರಾಳಿಯದು ಮೊಣಕಾಲೆತ್ತರ, ‘ಇಲ್ಲಿ ಅವರು ಗೆಲ್ಲುವ ಮಾತೇ ಇಲ್ಲ’ ಎಂಬ ಷರಾ ಬೇರೆ. ಎದುರಾಳಿಯ ಕರಪತ್ರದಲ್ಲಿಯೂ ಇದೇ ನಕ್ಷೆ, ಕಂಬಗಳು ಮಾತ್ರ ಅದಲುಬದಲು.

ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಒಂದು ಪಕ್ಷದ ಹಳೆಯ ಕಾರ್ಯಕರ್ತೆ. ಮೊಣಕಾಲು ನೋವು, ಆದರೂ ಬೀದಿ ಬಿಟ್ಟುಕೊಡಲು ಮನಸ್ಸಿಲ್ಲ. ಒಂದು ಸಂಜೆ ನಿಂಬೆ ಕೇಕಿನೊಂದಿಗೆ ಬಂದರು. ಕೇಕು ಮೇಜಿನ ಮೇಲೆ ಇಟ್ಟದ್ದೇ ತಡ, ಚೀಲದಿಂದ ಕರಪತ್ರದ ಕಟ್ಟುಗಳೂ ಹೊರಬಂದವು. ತಿಂದ ಮೇಲೆ ಇಲ್ಲ ಎನ್ನುವ ಸಂಸ್ಕಾರ ನಮ್ಮಲ್ಲಿಲ್ಲ. ಇದನ್ನು ಅವರು ಮೊದಲೇ ಬಲ್ಲರು.

ಹೊರಡುವಾಗ ಒಂದು ಮಾತು ಹೇಳಿದರು: “ಕೈ ಒಳಗೆ ಹಾಕಬೇಡಿ. ಮರದ ಚಮಚವೇನಾದರೂ ತೆಗೆದುಕೊಂಡು ಹೋಗಿ.” ತಮಾಷೆ ಇರಬೇಕು ಎಂದುಕೊಂಡೆವು. ಅಲ್ಲ, ಇಲ್ಲಿನ ಪಳಗಿದ ಕಾರ್ಯಕರ್ತರೆಲ್ಲರ ಜೇಬಿನಲ್ಲಿ ಕರಪತ್ರ ತಳ್ಳುವುದಕ್ಕೆ ಒಂದು ಮರದ ಪಟ್ಟಿ ಇದ್ದೇ ಇರುತ್ತದೆ.

ಯಾಕೆಂದು ತಿಳಿಯಲು ಬಾಗಿಲಿನ ಅಂಚೆ ಕಿಂಡಿಯನ್ನು ಹತ್ತಿರದಿಂದ ನೋಡಬೇಕು. ಊರಿನಲ್ಲಾದರೆ ಕಾಗದವನ್ನು ಜಗಲಿಗೆ ಎಸೆದು ಮುಂದೆ ಹೋಗಬಹುದು. ಇಲ್ಲಿ ಪ್ರತಿ ಬಾಗಿಲಿಗೂ ಒಂದು ಹಿತ್ತಾಳೆಯ ಬಾಯಿ. ಕೆಲವು ಎದೆಯ ಮಟ್ಟದಲ್ಲಿರುತ್ತವೆ, ಅಂಥವರಿಗೆ ದೇವರು ಒಳ್ಳೆಯದು ಮಾಡಲಿ. ಕೆಲವು ನೆಲದಿಂದ ಗೇಣೆತ್ತರದಲ್ಲಿ, ಸಾಷ್ಟಾಂಗ ಹಾಕದೆ ಕೆಲಸವಾಗದು. ಕೆಲವು ಉದ್ದುದ್ದಕ್ಕೆ ಸೀಳಿದವು. ಮುಚ್ಚಳಕ್ಕೆ ಸ್ಪ್ರಿಂಗ್ ಇರುತ್ತದೆ, ಬೆರಳು ಒಳಗೆ ಹೋದದ್ದೇ ತಡ ಕಚ್ಚಿಕೊಳ್ಳುತ್ತದೆ. ಅದರ ಹಿಂದೆ ಚಳಿಗಾಳಿ ತಡೆಯಲು ದಟ್ಟವಾದ ಬ್ರಷ್ಷು, ಆ ಕೂದಲಿನ ಕಾಡಿಗೆ ಸಿಕ್ಕಿದ ಕಾಗದ ನಡುವಿನಲ್ಲೇ ಮಡಚಿ ನಿಲ್ಲುತ್ತದೆ. ಅದರ ಹಿಂದೆ ಮತ್ತೊಂದು ಮುಚ್ಚಳ. ಅದರ ಹಿಂದೆ ನಾಯಿ. ಬೊಗಳುವ ನಾಯಿಯಿಂದ ತೊಂದರೆಯಿಲ್ಲ. ನಿಜವಾದ ಭಯ ಉಸಿರು ಬಿಗಿಹಿಡಿದು ಚಾಪೆಯ ಮೇಲೆ ಕುಳಿತು, ಇಂದು ಯಾವ ಪಕ್ಷದ ಬೆರಳು ಬರುತ್ತದೋ ಎಂದು ಕಾಯುವ ನಾಯಿಯದು.

ನಾನು ಅಡುಗೆಮನೆಯಿಂದ ಅಮ್ಮನ ಸಟ್ಟುಗವನ್ನು ತೆಗೆದುಕೊಂಡು ಹೋದೆ. ಹಲಸಿನ ಮರದ್ದು, ಜಾತ್ರೆಯಲ್ಲಿ ಕೊಂಡದ್ದು, ಮಗಳ ಮನೆಯ ಬಾಣಲೆ ಕೆರೆದುಹೋಗಬಾರದೆಂದು ಸೀರೆಗಳ ನಡುವೆ ಇಟ್ಟು ತಂದದ್ದು. ಮೊದಲ ಬೀದಿ ಸುಸೂತ್ರವಾಗಿ ಮುಗಿಯಿತು. ಎರಡನೆಯ ಬೀದಿಯ ಮೂಲೆಮನೆಯಲ್ಲಿ, ಗುಲಾಬಿ ಗಿಡದ ಪಕ್ಕದ ಹಸಿರು ಬಾಗಿಲಿನಲ್ಲಿ, ತಳ್ಳಿದ ಸಟ್ಟುಗ ಹಿಂದಕ್ಕೆ ಬರಲಿಲ್ಲ. ಎಳೆದೆ. ಆಚೆಯಿಂದಲೂ ಎಳೆದರು. ಸದ್ದಿಲ್ಲ, ಗುರ್ ಎನ್ನುವುದಿಲ್ಲ, ಶುದ್ಧವಾದ ಹಗ್ಗಜಗ್ಗಾಟ. ಕಡೆಗೆ ಮನೆಯ ಯಜಮಾನರು ಬಾಗಿಲು ತೆಗೆದರು. ಕಿಂಡಿಯಲ್ಲಿ ಸಿಕ್ಕಿಕೊಂಡಿದ್ದ ಸಟ್ಟುಗ ಬಾಗಿಲಿನೊಂದಿಗೆ ಒಳಗೆ ಸರಿಯಿತು, ಹಿಡಿ ಬಿಡದ ನಾನೂ ಸರಿದೆ, ಹೊಸ್ತಿಲು ದಾಟಿ ಅವರ ಹಜಾರದಲ್ಲಿ ಬಗ್ಗಿ ನಿಂತೆ. ಆ ತುದಿಗೆ ಒಂದು ಸಣ್ಣ ಬಿಳಿಯ ಟೆರಿಯರ್ ಜೋತುಬಿದ್ದಿತ್ತು.

ಅವರು ಕ್ಷಮಿಸಿ ಎಂದರು. ನಾನೂ ಕ್ಷಮಿಸಿ ಎಂದೆ. ಹೀಗೆ ಐದಾರು ಬಾರಿ ವಿನಿಮಯವಾದ ಮೇಲೆ ಅವರು ನಾಯಿಯ ದವಡೆ ಬಿಡಿಸಿ, ಸಟ್ಟುಗವನ್ನು ಪ್ಯಾಂಟಿಗೆ ಒರೆಸಿ, ಹಿಂದಿರುಗಿಸಿದರು. “ನಾವು ಯಾವಾಗಲೂ ನಿಮ್ಮ ಪಕ್ಷಕ್ಕೇ ಹಾಕುವುದು” ಎಂದರು. ನಾಯಿಗೆ ಆ ವಿಷಯ ತಿಳಿಸಿರಲಿಲ್ಲ. ಸಟ್ಟುಗದ ಅಂಚಿನಲ್ಲಿ ನಾಲ್ಕು ಹಲ್ಲಿನ ಗುರುತು ಹಾಗೆಯೇ ಉಳಿದಿವೆ. ಆ ದಿನದಿಂದ ಅಮ್ಮ ಅದನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಸಾರು ಕಲಕಲು ಅಂಗಡಿಯಿಂದ ಹೊಸದು ತರಿಸಿದಳು.

ಮಾರನೆಯ ವಾರ ಅಭ್ಯರ್ಥಿ ಖುದ್ದಾಗಿ ಮನೆಗೆ ಬಂದರು. ನಾನು ಮಹಡಿಯ ಮೇಲೆ ಕಚೇರಿಯ ವಿಡಿಯೊ ಸಭೆಯಲ್ಲಿದ್ದೆ. ಅಮ್ಮ ಬಾಗಿಲು ತೆಗೆದಳು. ಎದೆಯ ಮೇಲೆ ಅಂಗೈಯಗಲದ ರಿಬ್ಬನ್ ಹೂವು ಚುಚ್ಚಿಕೊಂಡು ನಿಂತಿದ್ದ ಆ ಸಂಭಾವಿತರು ದನಗಳ ಜಾತ್ರೆಯಲ್ಲಿ ಮೊದಲ ಬಹುಮಾನ ಗೆದ್ದ ಹೋರಿಯ ಹಾಗೆ ಕಂಡರಂತೆ. ಬಹುಮಾನ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುವುದು ಹೇಗೆ? ಒಳಗೆ ಕರೆದು ಕೂರಿಸಿದಳು. ಉಪ್ಪಿಟ್ಟು ಬಿಸಿಯಾಗಿತ್ತು.

ಇಲ್ಲಿನ ಮನೆಮನೆ ಪ್ರಚಾರದಲ್ಲಿ ಒಂದು ಬಾಗಿಲಿಗೆ ಒಂದೆರಡು ನಿಮಿಷ. ನಮಗೆ ಹಾಕುತ್ತೀರಾ, ಅವರಿಗಾ, ಇನ್ನೂ ನಿರ್ಧರಿಸಿಲ್ಲವಾ ಎಂದು ಕೇಳಿ, ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ಓಡುತ್ತಾರೆ. ನಾನು ಕೆಳಗಿಳಿದು ಬಂದಾಗ ನಮ್ಮ ಅಭ್ಯರ್ಥಿ ಎರಡನೆಯ ತಟ್ಟೆಯಲ್ಲಿದ್ದರು. ಕಪ್ಪು ಡಬ್ಬಿಯ ಕಸವನ್ನು ಎರಡು ವಾರಕ್ಕೊಮ್ಮೆ ಒಯ್ಯುವುದು ಯಾವ ಶಾಸ್ತ್ರ ಎಂದು ಅಮ್ಮ ತನ್ನ ಇಂಗ್ಲಿಷಿನಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು, ಅವರು ತಲೆತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಬೀದಿಯಲ್ಲಿ ಇವರಿಗಾಗಿ ಹುಡುಕಾಟ ನಡೆದಿತ್ತು. ಎದ್ದು ಹೊರಡುವಾಗ, ನಿಮ್ಮ ಬೆಂಬಲವನ್ನು ನಂಬಬಹುದೇ ಎಂದು ಕೇಳಿದರು. ನನಗೆ ಇಲ್ಲಿ ಓಟಿಲ್ಲ ಎಂದಳು ಅಮ್ಮ, ಇನ್ನಷ್ಟು ಚಟ್ನಿಪುಡಿ ಹಾಕುತ್ತಾ.

ಟೀಚರಮ್ಮನಿಗೆ ಇದು ತಿಳಿದಾಗ ಗಾಬರಿಯಾದರು. ಅಭ್ಯರ್ಥಿ ಮತದಾರರಿಗೆ ತಿನ್ನಿಸಿ ಕುಡಿಸಿ ಓಲೈಸಿದರೆ ಇಲ್ಲಿನ 1983ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಅಪರಾಧ. ಮತದಾರಳ ತಾಯಿ ಅಭ್ಯರ್ಥಿಗೆ ತಿನ್ನಿಸಿದರೆ ಏನು ಎಂಬುದರ ಬಗ್ಗೆ ಕಾಯಿದೆಗೆ ಕಲ್ಪನೆಯೇ ಇದ್ದಂತಿಲ್ಲ. ಗಾಬರಿ ಇಳಿದ ಮೇಲೆ ಅವರ ಕಣ್ಣು ನನ್ನ ಮೇಲೆ ಬಿತ್ತು: ಮುಂದಿನ ಸಲ ನೀವೇ ಯಾಕೆ ನಿಲ್ಲಬಾರದು? ಠೇವಣಿ ಇಲ್ಲ, ಆದ್ದರಿಂದ ಠೇವಣಿ ಹೋಯಿತೆಂಬ ಅವಮಾನವೂ ಇಲ್ಲ. ಇಬ್ಬರು ಮತದಾರರ ಸಹಿ ಸಾಕು. ವಿ.ಕೆ. ಕೃಷ್ಣ ಮೆನನ್ ಅವರೇ 1934ರಿಂದ 1947ರವರೆಗೆ ಲಂಡನ್ನಿನ ಸೇಂಟ್ ಪ್ಯಾಂಕ್ರಸ್‌ನಲ್ಲಿ ಕೌನ್ಸಿಲರ್ ಆಗಿ ಗ್ರಂಥಾಲಯಗಳನ್ನು ನೋಡಿಕೊಂಡವರು. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಲ್ಯಾಂಬೆತ್ ಬರೋದ ಮೇಯರ್ ಆಗಿದ್ದರು. ಥೇಮ್ಸ್ ದಡದ ಬಸವಣ್ಣನ ಪ್ರತಿಮೆಗೆ ಹಿಂದಿನ ವಾರವಷ್ಟೇ ಕೈಮುಗಿದು ಬಂದಿದ್ದ ಅಮ್ಮ ಇದನ್ನು ಕೇಳಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ಅಳೆದಳು. “ಇವಳು ಪಕ್ಕದ ಮನೆಗೆ ಸಟ್ಟುಗ ಕಳಿಸಿದರೂ ಸರಿಯಾಗಿ ವಾಪಸು ತರುವುದಿಲ್ಲ” ಎಂದು ಟೀಚರಮ್ಮನಿಗೆ ತಿಳಿಸಿದಳು.

ಮತದಾನದ ದಿನ ಚರ್ಚಿನ ಸಭಾಂಗಣಕ್ಕೆ ಇಬ್ಬರೂ ಹೋದೆವು. ನಮ್ಮದು ಚರ್ಚು. ಕೆಲವು ಕಡೆ ಪಬ್ಬುಗಳೇ ಮತಗಟ್ಟೆ. ಮತದಾನಕ್ಕೆ ಎರಡು ದಿನ ಮೊದಲೇ ಮದ್ಯದಂಗಡಿಗೆ ಬೀಗ ಹಾಕಿಸುವ ನಮ್ಮ ಚುನಾವಣಾ ಆಯೋಗ ಇದನ್ನು ನೋಡಿದರೆ ಮೂರ್ಛೆ ಹೋದೀತು. ಅಮ್ಮನಿಗೆ ಒಳಗೆ ಪ್ರವೇಶವಿಲ್ಲ. ಹೊರಗೆ, ಮತದಾರರು ಬೇಲಿಗೆ ಕಟ್ಟಿಹೋದ ನಾಯಿಗಳ ನಡುವೆ ನಿಂತಳು. ಮೂಲೆಮನೆಯ ಟೆರಿಯರ್ ಕೂಡ ಅಲ್ಲಿತ್ತು. ಇಬ್ಬರೂ ಪರಸ್ಪರ ಗುರುತಿಲ್ಲದವರ ಹಾಗೆ ಇದ್ದರು.

ಇಂಗ್ಲೆಂಡಿನಲ್ಲಿ ಮತ ಹಾಕಲು ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕಾದ ಮೊದಲ ಚುನಾವಣೆ ಅದು. ಹಿರಿಯರ ಬಸ್ ಪಾಸ್ ನಡೆಯುತ್ತದೆ, ಹುಡುಗರ ರೈಲ್ವೆ ರಿಯಾಯಿತಿ ಕಾರ್ಡ್ ನಡೆಯುವುದಿಲ್ಲ. ನನ್ನ ಭಾರತದ ಪಾಸ್‌ಪೋರ್ಟ್ ಸಲೀಸಾಗಿ ನಡೆಯಿತು. ಮುಂದಿನ ವರ್ಷ ಮೇ 2ರಂದು, ಈ ನಿಯಮ ತಂದ ಸರ್ಕಾರದ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಅವರೇ ಚೀಟಿ ತರದೆ ಹೋಗಿ ಸೌತ್ ಆಕ್ಸ್‌ಫರ್ಡ್‌ಶೈರ್‌ನ ಮತಗಟ್ಟೆಯಿಂದ ಹಿಂದಿರುಗಬೇಕಾಯಿತು. ಆ ಸುದ್ದಿ ಓದಿದ ದಿನ ನಾನು ಪಾಸ್‌ಪೋರ್ಟನ್ನು ತೆಗೆದು ಒಮ್ಮೆ ಸವರಿದೆ.

ಮತಯಂತ್ರವಿಲ್ಲ. ಮೂರು ಸ್ಥಾನದ ವಾರ್ಡು, ಮೂರು ಗುಣಿಸು ಚಿಹ್ನೆ ಹಾಕಬೇಕು, ದಾರ ಕಟ್ಟಿದ ಮೋಟು ಪೆನ್ಸಿಲಿನಲ್ಲಿ. 1962ರಿಂದ ಮೈಸೂರಿನ ಕಾರ್ಖಾನೆಯ ಶಾಯಿ ನಮ್ಮವರ ಬೆರಳನ್ನು ಗುರುತಿಸುತ್ತ ಬಂದಿದೆ. ಇಲ್ಲಿ ಬೆರಳು ಹೇಗೆ ಹೋಯಿತೋ ಹಾಗೆಯೇ ಬಂತು. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಪೆನ್ಸಿಲಿನಲ್ಲಿ ಬರೆದದ್ದನ್ನು ಅಳಿಸಿಬಿಟ್ಟರೆ?” ನನ್ನಲ್ಲಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಅವಳು ತನ್ನ ಪಾಲಿನ ಕರ್ತವ್ಯವನ್ನು ಮುಗಿಸಿದ್ದಳು. ಮತಗಟ್ಟೆಯ ಹೊರಗೆ ಪಕ್ಷಗಳ ಕಡೆಯವರು ಕುರ್ಚಿ ಹಾಕಿಕೊಂಡು, ಮತ ಹಾಕಿ ಬಂದವರ ಪಟ್ಟಿ ಸಂಖ್ಯೆ ಕೇಳಿ ಬರೆದುಕೊಳ್ಳುತ್ತಾರೆ. ಬರದವರ ಮನೆಗೆ ಸಂಜೆ ಹೋಗಿ ಎಬ್ಬಿಸಲು ಅದು ಬೇಕು. ಒಬ್ಬ ಅಜ್ಜಿ ನಗುತ್ತ, ನಿಮ್ಮ ನಂಬರ್ ಹೇಳುವಿರಾ ಎಂದು ಕೇಳಿದ್ದಾರೆ. ಅಮ್ಮ ದೇಶದ ಸಂಕೇತ ತೊಂಬತ್ತೊಂದರಿಂದ ಹಿಡಿದು ಹತ್ತೂ ಅಂಕಿಗಳನ್ನು ಒಂದೊಂದಾಗಿ ಹೇಳಿದ್ದಾಳೆ. ಆ ಅಜ್ಜಿ ಒಂದನ್ನೂ ಬಿಡದೆ ಬರೆದುಕೊಂಡು ಧನ್ಯವಾದ ಹೇಳಿದ್ದಾರೆ. ಬೇರೆ ಬಣ್ಣದ ಹೂವಿನ ಪಕ್ಕದ ಕುರ್ಚಿಯವರೂ ಅದನ್ನೇ ನಕಲು ಮಾಡಿಕೊಂಡರಂತೆ.

ಶುಕ್ರವಾರ ಎಣಿಕೆ. ಉಪ್ಪಿಟ್ಟಿನ ಅಭ್ಯರ್ಥಿ ನಾಲ್ಕನೆಯವರಾಗಿ, ಕೂದಲೆಳೆಯಲ್ಲಿ ಸೋತರು. ಸಮ ಸಮ ಬಂದಿದ್ದರೆ ಚೀಟಿ ಎತ್ತುವುದೋ ಕಡ್ಡಿ ಎಳೆಯುವುದೋ ಆಗುತ್ತಿತ್ತು. 2017ರಲ್ಲಿ ನಾರ್ತಂಬರ್‌ಲ್ಯಾಂಡಿನ ಸೌತ್ ಬ್ಲೈತ್ ವಾರ್ಡಿನಲ್ಲಿ ಹಾಗೆ ಕಡ್ಡಿ ಎಳೆದದ್ದರಿಂದ ಒಂದು ಪಕ್ಷಕ್ಕೆ ಇಡೀ ಕೌಂಟಿಯ ಬಹುಮತವೇ ತಪ್ಪಿಹೋಗಿತ್ತು. ಅಭ್ಯರ್ಥಿ ನಮ್ಮ ಮನೆಯ ಉಪ್ಪಿಟ್ಟಿನ ಮುಂದೆ ಕಳೆದ ಹೊತ್ತು ಎಷ್ಟು ಮತಕ್ಕೆ ಸಮ ಎಂದು ಟೀಚರಮ್ಮ ಲೆಕ್ಕ ಹಾಕಲಿಲ್ಲ, ದೊಡ್ಡವರು. ಶನಿವಾರ ಪಟ್ಟಾಭಿಷೇಕದ ಮಳೆಯಲ್ಲಿ ಎಲ್ಲವೂ ತೊಳೆದುಹೋಯಿತು.

ಮೇ 13ರಂದು ಸೋತವರು ಧನ್ಯವಾದ ಹೇಳಲು ಬಂದರು. ಧನ್ಯವಾದವೋ ಚಟ್ನಿಪುಡಿಯೋ ನಾನರಿಯೆ. ಅಮ್ಮ ಬೆಳಗಿನಿಂದ ಕರ್ನಾಟಕದ ಎಣಿಕೆಯ ಮುಂದೆ ಕುಳಿತಿದ್ದಳು. ಅವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು 224 ಸ್ಥಾನ, 113 ಬಂದರೆ ಸರ್ಕಾರ, ಬರದಿದ್ದರೆ ಬಸ್ಸು ಎಂದು ಪಾಠ ಶುರುಮಾಡಿದಳು. ಅವರು ಬಸ್ಸಿನ ಬಳಿ ತಡವರಿಸಿದರು. ಗೆದ್ದವರನ್ನು ಎದುರು ಪಕ್ಷದವರು ಹಾರಿಸಿಕೊಂಡು ಹೋಗದಂತೆ ಬಸ್ಸಿನಲ್ಲಿ ತುಂಬಿ ರೆಸಾರ್ಟಿಗೆ ಒಯ್ಯುತ್ತಾರೆ ಎಂದು ನಾನು ವಿವರಿಸಿದೆ. ಅವರು ಬಹಳ ಹೊತ್ತು ಯೋಚಿಸಿದರು. ನಮ್ಮ ಕೌನ್ಸಿಲಿನಲ್ಲಿಯೂ ಯಾರಿಗೂ ಬಹುಮತ ಬಂದಿಲ್ಲ, ಮಾತುಕತೆ ನಡೆಯುತ್ತಿದೆ ಎಂದರು.

“ಹಾಗಾದರೆ ನಿಮ್ಮವರನ್ನು ಎಲ್ಲಿ ಇಟ್ಟಿದ್ದೀರಿ?” ಎಂದು ಅಮ್ಮ ತಕ್ಷಣ ಕೇಳಿದಳು.

ಎಲ್ಲರೂ ಅವರವರ ಕೆಲಸಕ್ಕೆ ಹೋಗಿದ್ದಾರೆ ಎಂದರು ಅವರು. ಆಮೇಲೆ ಏನೋ ನೆನಪಾಗಿ, ಒಬ್ಬರು ಮಾತ್ರ ನಾಲ್ಕು ದಿನದಿಂದ ಬೋರ್ನ್‌ಮತ್‌ನ ಸಮುದ್ರದ ದಡದಲ್ಲಿದ್ದಾರೆ, ಅಲ್ಲಿ ಅವರ ಅತ್ತೆಯ ಮನೆ ಇದೆ ಎಂದರು.

ಅಮ್ಮ ನನ್ನತ್ತ ತಿರುಗಿ ಕನ್ನಡದಲ್ಲಿ, “ಅತ್ತೆಯ ಮನೆಯಂತೆ, ಅತ್ತೆಯ ಮನೆ” ಎಂದಳು.