ದಾಖಲೆ ಎಲ್ಲಿದೆ ಸ್ವಾಮಿ?

2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 133 ವರ್ಷದ ದಾಖಲೆ ಮುರಿಯಿತು ಎಂದು ಟಿವಿಗಳು ಕುಣಿದವು. ಭೂಮಿ ಬಿಸಿಯಾಗುತ್ತಿರುವುದು ಮನುಷ್ಯನಿಂದ ಎಂಬುದನ್ನೇ ಒಪ್ಪದ ಪಾರ್ಕ್ ಬೆಂಚಿನ ಪಂಡಿತರು ನಕ್ಕರು. "ಅಂದ್ರೆ 1891ರಲ್ಲೂ ಹೀಗೇ ಸುರಿದಿತ್ತು ಅಂತಾಯ್ತಲ್ಲ! ಆಗ ಯಾವ ಕಾರಿತ್ತು ರೀ?"

ಒಂದು ದಿನದ ಮಳೆ ನೋಡಿ ಇಂಗಾಲಕ್ಕೆ ಕೋಳ ತೊಡಿಸಲು ಹೊರಡುವ ಟಿವಿಯವರೂ ಏನು ಕಮ್ಮಿಯಿಲ್ಲ, ಅದು ಬೇರೆ ಮಾತು. ಆದರೆ ಪಂಡಿತರು ಅಲ್ಲಿಗೇ ನಿಲ್ಲುವವರಲ್ಲ. "ನಮ್ಮ ಹವಾಮಾನ ಇಲಾಖೆ ಹುಟ್ಟಿದ್ದೇ 1875ರಲ್ಲಿ. ಅದಕ್ಕೂ ಮುಂಚಿನ ಲೆಕ್ಕ ಯಾರ ಹತ್ರ ಇದೆ?" ಆಹಾ, ಇಷ್ಟು ಕಟ್ಟುನಿಟ್ಟಾಗಿ ಸಾಕ್ಷಿ ಕೇಳುವವರು ಹೈಕೋರ್ಟಿನಲ್ಲೂ ಸಿಗುವುದಿಲ್ಲ. ತಮ್ಮ ಮನೆತನ ವಿಜಯನಗರದ ಅರಸರ ಕಾಲದ್ದು ಎನ್ನುವಾಗ ಮಾತ್ರ ಇವರು ಒಂದು ಚೂರು ತಾಮ್ರಪಟವನ್ನೂ ತೋರಿಸುವುದಿಲ್ಲ.

ಅಂಟಾರ್ಕ್ಟಿಕಾದ ಹಿಮಕ್ಕೆ ಪಾಪ ಈ ವಾದವೆಲ್ಲ ಗೊತ್ತಿಲ್ಲ. ಬಿದ್ದ ಮಂಜು ಗಟ್ಟಿಯಾಗುವಾಗ ಆ ಕಾಲದ ಗಾಳಿಯನ್ನೂ ಸಣ್ಣ ಗುಳ್ಳೆಗಳಲ್ಲಿ ಹಿಡಿದಿಟ್ಟುಕೊಂಡು ಸುಮ್ನೆ ಕೂತಿದೆ. ವಿಜ್ಞಾನಿಗಳು ಅದನ್ನು ಕೊರೆದು 8 ಲಕ್ಷ ವರ್ಷದ ಲೆಕ್ಕ ತೆಗೆದಿದ್ದಾರೆ. ಅಷ್ಟೂ ಕಾಲ, ಭೂಮಿಯ ಶಾಖವನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 300ರ ಒಳಗೇ ಇತ್ತು. ಈಗ 420 ದಾಟಿದೆ. ಜ್ವಾಲಾಮುಖಿ ಬಿಟ್ಟಿರಬೇಕು ಅಂತೀರಾ? ಮನುಷ್ಯ ವರ್ಷಕ್ಕೆ ಬಿಡುವುದರಲ್ಲಿ ಹೆಚ್ಚೂಕಮ್ಮಿ ನೂರಕ್ಕೆ ಒಂದು ಪಾಲು ಅವು ಬಿಟ್ಟರೆ ದೊಡ್ಡದು. ಸೂರ್ಯನ ಕೆಲಸ ಅಂತೀರಾ? ಹಾಗಿದ್ದರೆ ವಾಯುಮಂಡಲದ ಮೇಲಿನ ಪದರವೂ ಕಾಯಬೇಕಿತ್ತು. ಅದು ತಣ್ಣಗಾಗುತ್ತಿದೆ, ಕೆಳಗೆ ನಾವು ಬೇಯುತ್ತಿದ್ದೇವೆ.

ಅದೇ 2024ರ ಮೇ 29ರಂದು ದಿಲ್ಲಿಯ ಮುಂಗೇಶಪುರದಲ್ಲಿ 52.9 ಡಿಗ್ರಿ ಬಂತಲ್ಲ, ನೆನಪಿದೆಯಾ? ಆಮೇಲೆ ಇಲಾಖೆಯೇ ಸೆನ್ಸರ್ 3 ಡಿಗ್ರಿ ಜಾಸ್ತಿ ತೋರಿಸಿದೆ ಎಂದಿತು. ಪಂಡಿತರಿಗೆ ಹಬ್ಬವೋ ಹಬ್ಬ. "ನೋಡಿದ್ರಾ, ಎಲ್ಲಾ ಬೊಗಳೆ!" ಹೌದು ಸ್ವಾಮಿ, ಬರೀ 49.9. ಸ್ವೆಟರ್ ಹಾಕಿಕೊಳ್ಳಬಹುದಿತ್ತು. ಅವತ್ತು ದಿಲ್ಲಿಯಲ್ಲಿ ತಲೆ ಮೇಲೆ ಇಟ್ಟಿಗೆ ಹೊತ್ತವನಿಗೆ ಯಾರಾದರೂ ಹೋಗಿ ಹೇಳಿದರಾ, ನಿನ್ನ ತಲೆ ಸುತ್ತಿದ್ದರಲ್ಲಿ ಮೂರು ಡಿಗ್ರಿ ಸುಳ್ಳು ಕಣಪ್ಪಾ ಅಂತ? ಇಂಥ ಮಾತಿಗೆ ನಗಬೇಕು ಅಂತಲೂ ಈಗೀಗ ಅನ್ನಿಸುವುದಿಲ್ಲ. ಬಿಸಿಲಿಗೆ ಜನ ಸಾಯುತ್ತಿದ್ದಾರೆ, ಇವರು ಸೆನ್ಸರಿನ ತಪ್ಪು ಹುಡುಕಿ ಚಪ್ಪಾಳೆ ತಟ್ಟುತ್ತಾರೆ.

ಹೋಗಲಿ, ಹಳೇ ದಾಖಲೆ ಕಣ್ಣೆದುರೇ ಇರುವ ಕಡೆಯಾದರೂ ಒಪ್ಪುತ್ತಾರಾ? ಧರ್ಮಾಂಬುಧಿ ಕೆರೆಯಲ್ಲಿ ಈಗ ಮೆಜೆಸ್ಟಿಕ್ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಜಾಗತಿಕ ತಾಪಕ್ಕೆ ಇದೊಂದೇ ಕಾರಣ ಅಂತಲ್ಲ, ಊರು ಕಾದ ಹೆಂಚಾಗಿದ್ದರಲ್ಲಿ ಇದರ ಪಾಲೂ ಇದೆ. ಪಂಡಿತರ ಅಪಾರ್ಟ್‌ಮೆಂಟಿನ ಕೆಳಗೆ ರಾಜಕಾಲುವೆ ಹರಿಯುತ್ತಿತ್ತು ಎಂದು ಹಳೇ ಸರ್ವೆ ನಕ್ಷೆ ಬಿಡಿಸಿ ತೋರಿಸಿ ನೋಡಿ.

"ಅಯ್ಯೋ, ಅದೆಲ್ಲ ಹಳೇ ಕಾಲದ್ದು ಬಿಡಿ ಸಾರ್. ಈಗ ಖಾತಾ ಆಗಿದೆ."