ಸ್ಪಷ್ಟನೆ: ಮೆಗಾಪಿಕ್ಸೆಲ್ ಜಾಸ್ತಿ ಇದ್ದ ಮಾತ್ರಕ್ಕೆ ಕತ್ತಲಲ್ಲಿ ಮುಖ ಕಾಣುವುದಿಲ್ಲ
ಡೊಂಬಿವಲಿಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಮನೆ ಹೊರಗೆ 8 ಮೆಗಾಪಿಕ್ಸೆಲ್ ಕ್ಯಾಮೆರಾನೇ ಹಾಕಿಸಿ, ಕತ್ತಲಲ್ಲೂ ಕಳ್ಳನ ಮುಖ ಕಾಣುತ್ತೆ. ಇನ್‌ಫ್ರಾರೆಡ್ ಇದ್ದರೆ ಬೇರೆ ದೀಪವೂ ಬೇಡ."

ಹಗಲಿಗೇನೋ ಸರಿ. ರಾತ್ರಿಗೆ ಬೇಕಾದ್ದು ಬೆಳಕು ಹಿಡಿಯುವ ಶಕ್ತಿ. ಅದೇ ಅಳತೆಯ ಸೆನ್ಸರ್‌ನಲ್ಲಿ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಚಿಪ್) 2ರ ಬದಲು 8 ಮೆಗಾಪಿಕ್ಸೆಲ್ ತುರುಕಿದರೆ ಒಂದೊಂದು ಪಿಕ್ಸೆಲ್‌ಗೆ ಸಿಗುವ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಮೊದಲು ಸೆನ್ಸರ್ ಅಳತೆ ನೋಡಿ. 1/2.8 ಇಂಚಿಗಿಂತ 1/1.8 ಇಂಚಿನದು ದೊಡ್ಡದು, ಭಿನ್ನರಾಶಿ ಅಲ್ವಾ! ಆಮೇಲೆ ಲೆನ್ಸ್. ಅದರ ಬಾಯಿ ಎಷ್ಟು ಅಗಲ ಅಂತ ಹೇಳುವುದು ಎಫ್ ಸಂಖ್ಯೆ, ಚಿಕ್ಕದಿದ್ದಷ್ಟೂ ಬಾಯಿ ಅಗಲ. ಎಫ್ 1.0 ಇದ್ದರೆ ಎಫ್ 2.0ಗಿಂತ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಡಬ್ಬದ ಮೇಲಿನ '0.001 ಲಕ್ಸ್' (ಇಷ್ಟು ಕಡಿಮೆ ಬೆಳಕಲ್ಲೂ ಕಾಣುತ್ತೆ ಅನ್ನುವ ಅಂಕಿ) ನೋಡಿ ಸುಮ್ನೆ ಮರುಳಾಗಬೇಡಿ. ಶಟರ್ ನಿಧಾನ ಮಾಡಿ, ಅಂದರೆ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಹಿಡಿದು, ಆ ಅಂಕಿ ತೋರಿಸಿದ್ದರೆ, ನಡೆದುಹೋಗುವವರ ಮುಖ ಕಲಸಿಹೋಗಿರುತ್ತದೆ.

ಇನ್ನು ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ, ಕ್ಯಾಮೆರಾಗೆ ಕಾಣುವ ಬೆಳಕು. ಅದರಲ್ಲಿ ಚಿತ್ರ ಕಪ್ಪು-ಬಿಳುಪು. ಮುಂಬಯಿ ಮಳೆಯಲ್ಲಿ ಹನಿಗಳೆಲ್ಲ ಆ ಬೆಳಕಿಗೆ ಬಿಳಿ ಗೆರೆಗಳಾಗುತ್ತವೆ. ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿತೋ, ಮುಗೀತು, ಗೇಟೇ ಕಾಣದು. ಗೇಟಿನ ಹತ್ತಿರ ಚಿಕ್ಕ ಎಲ್‌ಇಡಿ ದೀಪ ಉರಿಯುತ್ತಿದ್ದರೆ ಒಳ್ಳೆಯ ಸೆನ್ಸರ್ ಬಣ್ಣದ ಚಿತ್ರವನ್ನೇ ಕೊಡುತ್ತದೆ. ಅಂಗಿ ಕೆಂಪೋ ನೀಲಿಯೋ ಗೊತ್ತಾಗುತ್ತದೆ. ಕೊಳ್ಳುವ ಮೊದಲು ಅಂಗಡಿಯವರ ಹತ್ತಿರ ರಾತ್ರಿಯ ವಿಡಿಯೊ ಕೇಳಿ. ಅದರಲ್ಲಿ ಯಾರಾದರೂ ನಡೆಯುತ್ತಿರಲಿ.